ಇಪ್ಪತ್ನಾಲ್ಕು ಪಾಲು, ಮೂವತ್ತು ಮಕ್ಕಳು

ನಮ್ಮ ಸಂಕ್ರಾಂತಿ ಇಲ್ಲಿ ಅಹಮದಾಬಾದಿನಲ್ಲಿ ಉತ್ತರಾಯಣ. ಜನವರಿ 14ಕ್ಕೆ ಊರಿಗೆ ಊರೇ ತಾರಸಿ ಮೇಲೆ. ಕಳೆದ ಸಲ ನಮ್ಮ ಕನ್ನಡ ಮನೆಗಳವರು ಸೇರಿದಾಗ, ಕಾಮರ್ಸ್ ಓದುವ ಹುಡುಗ ಅಂತ ಹಂಚುವ ಲೆಕ್ಕ ನನ್ನ ತಲೆಗೆ ಬಿತ್ತು.

ಇದ್ದದ್ದು 72 ಸಕ್ಕರೆ ಅಚ್ಚು, 96 ಚಿಕ್ಕಿ, 120 ಗಾಳಿಪಟ. ಪಾಲೆಲ್ಲ ಸಮ ಇರಬೇಕು, ಒಂದೂ ಉಳಿಯಬಾರದು. ಹೆಚ್ಚೆಂದರೆ ಎಷ್ಟು ಪಾಲು? ಅದನ್ನು ಹೇಳುವುದೇ ಹೈಸ್ಕೂಲಿನ ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಗುಜರಾತಿ ಶಾಲೆಗಳಲ್ಲಿ ಇದಕ್ಕೆ ‘ಗುರುತಮ ಸಾಮಾನ್ಯ ಅವಯವ’ ಎನ್ನುತ್ತಾರೆ.

96ನ್ನು 72ರಿಂದ ಭಾಗಿಸಿ, ಶೇಷ 24. ಆ 24ರಿಂದ 72ನ್ನು ಭಾಗಿಸಿ, ಶೇಷ ಸೊನ್ನೆ. ಹಾಗಾಗಿ ಎರಡರ ಮ.ಸಾ.ಅ. 24. ಅದು 120ಕ್ಕೂ ಹೋಗುತ್ತದೆ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಬರೆದಿಟ್ಟ ದಾರಿ ಇದೇ. ನಮ್ಮ ಆರ್ಯಭಟನ ಕುಟ್ಟಕಕ್ಕೂ ಇಂಥ ಭಾಗಾಕಾರವೇ ಬುನಾದಿ.

24 ಪಾಲು ಕಟ್ಟಿದೆ: ತಲಾ 3 ಅಚ್ಚು, 4 ಚಿಕ್ಕಿ, 5 ಪಟ.

ಬಂದ ಮಕ್ಕಳು 30! ಆರು ಮಕ್ಕಳು ಬರಿಗೈಲಿ ನಿಂತವು. ಲೆಕ್ಕ ತಪ್ಪಿರಲಿಲ್ಲ, ನಾನು ಮಕ್ಕಳನ್ನೇ ಎಣಿಸಿರಲಿಲ್ಲ. ಆ ಸಾಮಾನು ಉಳಿಯದಂತೆ ಸಮ ಹಂಚಬೇಕಾದರೆ ಮಕ್ಕಳ ಸಂಖ್ಯೆ 24ನ್ನು ಭಾಗಿಸುವಂಥದ್ದಾಗಿರಬೇಕು: 8, 12, 24 ಆದೀತು, 30 ಆಗದು.

ಕೊನೆಗೆ 24 ಮಕ್ಕಳೂ ಒಂದೊಂದು ಪಟ ವಾಪಸು ಕೊಟ್ಟವು. ಎಲ್ಲರಿಗೂ ನಾಲ್ಕು ನಾಲ್ಕು ಪಟವಾಯಿತು. ಆ ಆರಕ್ಕೆ ತಿನ್ನೋಕೆ ಮಾತ್ರ ಏನೂ ಸಿಗಲಿಲ್ಲ. ಇನ್ನೂ 18 ಅಚ್ಚು, 24 ಚಿಕ್ಕಿ ತಂದಿದ್ದರೆ 90, 120, 120 ಆಗಿ, ಮ.ಸಾ.ಅ. ಸರಿಯಾಗಿ 30 ಬರುತ್ತಿತ್ತು.

ಈ ಸಲ ಮೊದಲು ತಲೆ ಎಣಿಸೋದು, ಆಮೇಲೆ ಅಂಗಡಿಗೆ ಹೋಗೋದು.