ಸಿಡಿದ ಕುಕ್ಕರ್ ಗುಜರಿಗೆ ಹಾಕಬೇಡಿ

ಮಕ್ಕಳೇ, ಕುಕ್ಕರಿನೊಳಗೆ ಹಬೆಯ ಒತ್ತಡ ಹೆಚ್ಚಿದಾಗ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬೇಳೆ ಬೇಗ ಬೇಯೋದು ಅದಕ್ಕೇ. ಸೀಟಿಯ ತೂತು ಕಟ್ಟಿಕೊಂಡರೆ ಸೇಫ್ಟಿ ವಾಲ್ವಿನ ಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ಕಳಪೆ ವಾಲ್ವ್ ಕರಗದಿದ್ದರೆ ಕುಕ್ಕರ್ ಸಿಡಿಯಬಹುದು.

ಕುಕ್ಕರಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ. ನಿಯಮ ಮೀರಿದ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ವಿಧಿಸಿತು.

ಕುಕ್ಕರ್ ಸಿಡಿದು ಮೈಕೈ ಸುಟ್ಟರೆ "ನಮ್ಮ ಹಣೆಬರಹ" ಅಂತ ಸುಮ್ಮನಿರಬೇಕಿಲ್ಲ. ತಯಾರಿಕೆಯಲ್ಲೋ ವಿನ್ಯಾಸದಲ್ಲೋ ದೋಷವಿದ್ದರೆ, ಬಳಸುವ ಎಚ್ಚರಿಕೆ ಸರಿಯಾಗಿ ಬರೆಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಂದ ಪರಿಹಾರ ಕೇಳಬಹುದು. ಕುಕ್ಕರ್ ಕೊಂಡದ್ದು ಹುಬ್ಬಳ್ಳಿಯಲ್ಲಾದರೂ ಚಿಂಬಲ್‌ನಲ್ಲಿ ವಾಸಿಸುವವರು ಉತ್ತರ ಗೋವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅವಧಿ 2 ವರ್ಷ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. ಮೊದಲು ಸಲಹೆ ಬೇಕಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ದೋಷ ಪರೀಕ್ಷೆಯಿಂದಲೇ ತಿಳಿಯಬೇಕಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಆದ್ದರಿಂದ ಸಿಡಿದ ಕುಕ್ಕರ್, ಮುಚ್ಚಳ, ವಾಲ್ವ್ ಎಲ್ಲ ಹಾಗೇ ಎತ್ತಿಡಿ. ರಿಪೇರಿ ಬೇಡ. ಬಿಲ್ಲು, ಆಸ್ಪತ್ರೆ ಚೀಟಿ, ಫೋಟೋ ಜೊತೆಗಿರಲಿ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಕ್ಕೀತು, ಸಾಕ್ಷಿಯೇ ಕೈತಪ್ಪೀತು.