ಬಿಸಿಯಾದ ಮೇಲೆ ಹಾಡುವ ರೇಡಿಯೋ

ಮಕ್ಕಳೇ, ಅಜ್ಜನ ಕಾಲದ ವಾಲ್ವ್ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಹಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಮೊದಲು ಕಾಯಬೇಕಿತ್ತು. ಕಾದ ಭಾಗದಿಂದ ಹೊರಟ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ಹಾದು ಎದುರಿನ ಲೋಹದ ತಟ್ಟೆ ಸೇರುತ್ತವೆ. ಇಂಥ ವಾಲ್ವನ್ನು 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಒಂದು ತಂತಿಜಾಲರಿ ಸೇರಿಸಿದರು. ನಳದ ತಿರುವನ್ನು ತುಸು ತಿರುಗಿಸಿದರೆ ನೀರು ಹೆಚ್ಚು ಕಡಿಮೆಯಾಗುವುದಿಲ್ಲವೇ? ಜಾಲರಿಯೂ ಹಾಗೆಯೇ, ಅದರಿಂದ ಮೆಲುದನಿ ಗಟ್ಟಿಯಾಯಿತು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸತೊಡಗಿತು. ಟ್ರಾನ್ಸಿಸ್ಟರ್ ಬಂದಮೇಲೆ ವಾಲ್ವ್‌ಗಳು ಮೂಲೆ ಸೇರಿದವು. ಅವುಗಳ ದನಿಯೇ ಇಂಪೆಂದು ಇಂದಿಗೂ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿದ್ದಾರೆ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಅಜ್ಜ-ಅಜ್ಜಿಯರೇ, ಮನೆಯಲ್ಲಿ ಅಂಥ ಪೆಟ್ಟಿಗೆಯಿದ್ದರೆ ಗುಜರಿಗೆ ಹಾಕಬೇಡಿ. ಮಕ್ಕಳೇ, ನೀವೂ ಬಿಚ್ಚಬೇಡಿ. ಒಳಗೆ ನೂರಾರು ವೋಲ್ಟ್ ಇರುತ್ತದೆ. ಬಲ್ಲ ರಿಪೇರಿಯವರಿಗೆ ತೋರಿಸಿ.