ಪಿಕಪ್ ಗಾಡಿ: ಘಾಟಿ ಇಳಿಯುವ ಮುನ್ನ

ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು ಬಂತೆಂದರೆ ನಮ್ಮ ಪಿಕಪ್ ಗಾಡಿಗಳಿಗೆ ಬಿಡುವಿಲ್ಲ. ಗೊಬ್ಬರ ತರುವುದರಿಂದ ಹಿಡಿದು ಚೀಲ ಸಾಗಿಸುವವರೆಗೆ ಎಲ್ಲಕ್ಕೂ ಅದೇ ಆಧಾರ. ಎತ್ತಿನ ಗಾಡಿಯ ಕಾಲದಲ್ಲಿ ಮೇವು, ಲಾಳ, ವಿಶ್ರಾಂತಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ನಾವು ಬೆಳೆಗಾರರು, ಈ ಗಾಡಿಗೆ ಮಾತ್ರ ಡೀಸೆಲ್ ಹಾಕಿದರೆ ಸಾಕೆಂದು ಭಾವಿಸುತ್ತೇವೆ. ಏರು ಹತ್ತುವಾಗ ಕೆಟ್ಟ ಗಾಡಿ ನಿಂತುಬಿಡುತ್ತದೆ. ಇಳಿಯುವಾಗ ಕೆಟ್ಟದ್ದು ನಿಲ್ಲುವುದಿಲ್ಲ. ಆದ್ದರಿಂದ ಇಳಿಜಾರಿನ ವಿಚಾರವನ್ನೇ ಮೊದಲು ಹೇಳಬಯಸುತ್ತೇವೆ.

ಇಳಿಯುವಾಗ

ಆಗುಂಬೆಯ 14 ತಿರುವುಗಳಿರಲಿ, ಚಾರ್ಮಾಡಿಯಿರಲಿ, ತೋಟದೊಳಗಿನ ಮಣ್ಣುರಸ್ತೆಯಿರಲಿ, ನಿಯಮ ಒಂದೇ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸತಕ್ಕದ್ದು. ವೇಗ ಹೆಚ್ಚಿದ ಮೇಲೆ ಯತ್ನಿಸಿದರೆ ಗೇರು ಬೀಳದೆ ಗಾಡಿ ನ್ಯೂಟ್ರಲ್‌ನಲ್ಲೇ ಓಡುವ ಅಪಾಯವುಂಟು.

ಬ್ರೇಕನ್ನು ಸದಾ ಒತ್ತಿಕೊಂಡೇ ಇಳಿದರೆ ಲೈನರ್ ಮತ್ತು ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಆ ಶಾಖ ಬ್ರೇಕ್ ಆಯಿಲ್‌ಗೂ ತಾಗುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಗದಿತ ಗುಣಮಟ್ಟ. ತೇವ ಹೀರಿದ ಆಯಿಲ್‌ಗೆ ಈ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆಗಳುಂಟಾಗಿ ಪೆಡಲ್ ಮೆತ್ತಗೆ ತಳಕ್ಕೆ ಹೋಗುತ್ತದೆ. ಮಲೆನಾಡಿನ ಹವೆಯಲ್ಲಿ ತೇವಕ್ಕೇನು ಕೊರತೆ? ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸುವುದು ಅತ್ಯವಶ್ಯ.

ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ಇಳಿಯುವವರಿದ್ದಾರೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ಗೆ ಎಂಜಿನ್ ನಡೆಸುವ ಪಂಪೇ ಆಧಾರ. ಎಂಜಿನ್ ನಿಂತರೆ ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಆ ಬಲ ತೀರಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಬಿಗಿಯುತ್ತದೆ. ಅಲ್ಲದೆ ಇಂದಿನ ಎಂಜಿನ್‌ಗಳು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ ಪೂರೈಕೆಯನ್ನೇ ತಡೆಯುತ್ತವೆ. ಹೀಗಿರುವಾಗ ಉಳಿತಾಯವೆಲ್ಲಿ ಬಂತು?

ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಬ್ರೇಕ್ ತಾನಾಗಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡಬಹುದು. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಿಂದ ತೆಗೆಯಲು ಮರೆಯಬೇಡಿ.

ಹೊರೆ

ಆರ್.ಸಿ.ಯಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಹೊರೆಯ ಮಿತಿ. ಅದು 1500 ಕಿಲೋ ಎಂದಿಟ್ಟುಕೊಳ್ಳಿ. 50 ಕಿಲೋದ 27 ಚೀಲ ಚೆರ್ರಿ ಹಾಗೂ ಕ್ಯಾಬಿನ್ನಿನಲ್ಲಿ ಇಬ್ಬರು ಎಂದರೆ ಮಿತಿ ಮುಟ್ಟಿದಂತೆಯೇ. ಹೆಚ್ಚುವರಿ ಸ್ಪ್ರಿಂಗ್ ಪ್ಲೇಟ್ ಹಾಕಿಸಿದರೆ ಗಾಡಿ ಕುಗ್ಗದಂತೆ ಕಾಣುತ್ತದೆಯೇ ಹೊರತು ಬ್ರೇಕಿನ ಶಕ್ತಿ ಹೆಚ್ಚದು.

ಚೀಲದ ಮೇಲೆ ಆಳುಗಳನ್ನು, ದಾರಿಯಲ್ಲಿ ಕೈ ತೋರಿದವರನ್ನು ಕೂರಿಸುವ ಪದ್ಧತಿಯನ್ನು ನಿಲ್ಲಿಸಲೇಬೇಕು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿದೆ. ಒಂದು ತಿರುವಿನಲ್ಲಿ ಗಾಡಿ ಮಗುಚಿದರೆ ಬಡಕುಟುಂಬವೊಂದು ಆಧಾರ ಕಳೆದುಕೊಳ್ಳುತ್ತದೆ. ಪರಿಹಾರದ ಭಾರ ಸಣ್ಣ ಬೆಳೆಗಾರನ ತೋಟದ ಮೇಲೆಯೇ ಬೀಳಬಹುದು.

ಆರೈಕೆ

ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಆಗಾಗ ನೀರು ಇಳಿಸಿ. ಎಂಜಿನ್ ನಿಂತಿರುವಾಗ ಮಾತ್ರ. ಕೊಯ್ಲಿನ ಧೂಳಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಗಮನಿಸಿ. ಟೈರಿನ ಗೀರು 1.6 ಮಿ.ಮೀ.ಗಿಂತ ಸವೆದಿದ್ದರೆ ಅದು ಕಾನೂನಿಗೂ ಸಲ್ಲದು, ಕೆಸರಿಗೂ ಸಲ್ಲದು.

ಹಳೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ನೋಡುವ ರೂಢಿಯಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಹಾಗೆ ಮಾಡಲೇಬಾರದು. 1000 ಬಾರ್‌ಗೂ ಮೀರುವ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು.

ಸದಸ್ಯ ಬಾಂಧವರು ಮುಂದಿನ ಹೊರೆ ಹೇರುವ ಮುನ್ನ ಬ್ರೇಕ್ ಆಯಿಲ್ ಯಾವಾಗ ಬದಲಾಯಿತೆಂದು ನೋಡಿಕೊಳ್ಳಬೇಕೆಂದು ಕೋರುತ್ತೇವೆ. ನೆನಪಿಲ್ಲವೆಂದಾದರೆ ಬದಲಿಸುವ ಕಾಲ ಬಂದಿದೆಯೆಂದೇ ತಿಳಿಯಿರಿ.